ಆಲ್ಟರ್ನೇಟರ್ ಬದಲಿಸೋ ಮೊದಲು ಅಳೆದು ನೋಡಿ ಅಂದವರಿಗೆ

ಹೆಸರು ಹಾಕಬೇಡಿ ಅಂದಿರಿ, ಹಾಕುತ್ತಿಲ್ಲ. ಆದರೆ ಎಲ್ಲರೆದುರು ಥ್ಯಾಂಕ್ಸ್ ಹೇಳಲೇಬೇಕು ಸರ್.

ಹೆಡ್‌ಲೈಟ್ ಹಾಕಿದರೆ ಸಾಕು, ಇಂಜಿನ್ ಓಡುತ್ತಿದ್ದರೂ ನನ್ನ ಕಾರಿನ ಬ್ಯಾಟರಿಯಲ್ಲಿ 12.7 ವೋಲ್ಟ್ ಅಷ್ಟೇ ತೋರಿಸುತ್ತಿತ್ತು. ಸಾಮಾನ್ಯವಾಗಿ 13.8ರಿಂದ 14.5 ಇರಬೇಕು, ಅಲ್ವಾ? (ಕಂಪ್ಯೂಟರೇ ಚಾರ್ಜಿಂಗ್ ನಿಯಂತ್ರಿಸುವ ಹೊಸ ಕಾರುಗಳ ಲೆಕ್ಕ ಬೇರೆ.) ನಾನು ಕೇಳಿದವರೆಲ್ಲ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹೋಗಿದೆ, ಬದಲಿಸಿ ಎಂದರು. ನೀವೊಬ್ಬರೇ ಸುಮ್ನೆ ದುಡ್ಡು ಸುರಿಯಬೇಡಿ, ಮೊದಲು ಅಳೆಯಿರಿ ಎಂದಿರಿ.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಬಿಗಿಯಾಗಿತ್ತು. ಆಮೇಲೆ ನೀವು ಹೇಳಿದ ಹಾಗೆ ಇಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ, ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟ್ ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಮೇಲೆ ಇಟ್ಟೆ. 0.1 ಬಂತು, ಅಂದರೆ ಆ ದಾರಿಯಲ್ಲಿ ಕಳೆದುಹೋಗುತ್ತಿದ್ದದ್ದು ಅಷ್ಟೇ ವೋಲ್ಟ್, ತೊಂದರೆ ಇಲ್ಲ. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೆ ಇಟ್ಟರೆ 1.4! ಇಲ್ಲಿ 0.2 ದಾಟಬಾರದು ಅಂದಿದ್ದಿರಿ. ಅಂದರೆ ಆಲ್ಟರ್ನೇಟರ್ ಪಾಪ 14.2 ಕೊಡುತ್ತಲೇ ಇತ್ತು, ದಾರಿಯಲ್ಲೇ ಸೋರಿಹೋಗುತ್ತಿತ್ತು.

ಇಂಜಿನ್ನನ್ನು ಬ್ಯಾಟರಿಯ ಮೈನಸ್ ಕಡೆಗೆ ಸೇರಿಸುವ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪುಡಿ, ತುಕ್ಕು, ವೈರಿನ ಅರ್ಧ ಎಳೆಗಳು ಕೈಯಲ್ಲೇ ಮುರಿದು ಬಂದವು. ಹೊಸ ವೈರ್ ಹಾಕಿ, ಕೂರುವ ಜಾಗ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದೆ. ಈಗ ಎಲ್ಲ ಲೈಟ್ ಹಾಕಿದರೂ 14ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ನನ್ನ ಇಂಜಿನ್ ಫೋಟೋ ಮೇಲೆ ಕಡ್ಡಿ ಎಲ್ಲಿಡಬೇಕು ಅಂತ ಕೆಂಪು ಗುರುತು ಹಾಕಿ, ಮೀಟರ್ ಡಿಸಿ ವೋಲ್ಟ್‌ನಲ್ಲೇ ಇರಲಿ ಅಂತ ನೆನಪಿಸಿ ಕಳಿಸಿದಿರಲ್ಲ, ಅಷ್ಟು ತಾಳ್ಮೆ ಯಾರಿಗಿರುತ್ತೆ ಸರ್? ತುಂಬಾ ಥ್ಯಾಂಕ್ಸ್.