ಅಕ್ಟೋಬರ್ 21: ಪೊಲೀಸ್ ಹುತಾತ್ಮರ ದಿನಕ್ಕೆ ಹೋಗೋಣ

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಅವತ್ತು ನಮ್ಮ ಗುಂಪಿನ ವಾಕಿಂಗ್ ಇರುವುದಿಲ್ಲ. ತುಮಕೂರಿನ ಪೊಲೀಸ್ ಪರೇಡ್ ಮೈದಾನಕ್ಕೆ ಹೋಗೋಣ. ಬೆಳಿಗ್ಗೆ 7ಕ್ಕೆ ಟೌನ್‌ಹಾಲ್ ಸರ್ಕಲ್ ಹತ್ತಿರ ಸೇರಿ.

1959ರಲ್ಲಿ ಇದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಪೊಲೀಸರು ಬಲಿಯಾದರು. ಅಷ್ಟು ದೂರ ಯಾಕೆ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿ ನೆನಪಿದೆ ಅಲ್ವಾ? 2005ರ ಫೆಬ್ರವರಿಯಲ್ಲಿ ಅಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿದರು. ಡ್ಯೂಟಿಗೆಂದು ಬಂದವರು ವಾಪಸ್ ಮನೆಗೆ ಹೋಗಲೇ ಇಲ್ಲ. ನಮ್ಮ ಜಿಲ್ಲೆಯವರು ಅದನ್ನು ಮರೆಯಬಾರದು.

ಕಾರ್ಯಕ್ರಮದಲ್ಲಿ ಕಳೆದ ಒಂದು ವರ್ಷದಲ್ಲಿ ಪ್ರಾಣ ಕೊಟ್ಟ ಪೊಲೀಸರ ಹೆಸರು ಓದುತ್ತಾರೆ. ಹೋದ ಸಲ ನನ್ನ ಪಕ್ಕ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಕನಕಾಂಬರದ ಪೊಟ್ಟಣ. ಪ್ರತಿ ಹೆಸರಿಗೂ ತಲೆ ಬಾಗಿಸಿದರು. ಗೌರವಕ್ಕಾಗಿ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದಾಗ ಆ ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು.

ದೊಡ್ಡ ಹಾರ ಬೇಡ, ಬಿಡಿಹೂವು ಸಾಕು. ಫೋನ್ ಸೈಲೆಂಟ್‌ನಲ್ಲಿಡಿ. ದಯವಿಟ್ಟು ಸೆಲ್ಫಿ ಬೇಡ, ತೀರಿಕೊಂಡವರ ಮನೆಯವರೂ ಅಲ್ಲಿರುತ್ತಾರೆ. ಮಕ್ಕಳನ್ನು ಖಂಡಿತ ಕರೆತನ್ನಿ. ಮಂಡಿನೋವು ಇರುವವರು ಮೊದಲೇ ಹೇಳಿ, ಆಟೊ ಮಾಡಿಸುತ್ತೇನೆ.

ಯಾರ್ಯಾರು ಬರುತ್ತೀರಿ, 19ರ ರಾತ್ರಿಯೊಳಗೆ ಇಲ್ಲೇ ತಿಳಿಸಿ.