99 ರೂಪಾಯಿ ಗ್ರಾಹಕಿಯ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು
(ನಿಮ್ಮ ಹೆಸರು ಹಾಕೋಣ ಅಂತ ವೆಬ್‌ಸೈಟ್‌ಗಳಿಗೆ ಜಾಗ ಬಾಡಿಗೆಗೆ ಕೊಡುವ ನಿಮ್ಮ ಹೋಸ್ಟಿಂಗ್ ಕಂಪನಿಯ ವೆಬ್‌ಸೈಟೆಲ್ಲ ಹುಡುಕಿದೆ. ಎಲ್ಲೂ ಇಲ್ಲ. ನಿಯಮದ ಪ್ರಕಾರ ಇರಬೇಕಿತ್ತು.)

ವಿಷಯ: ಹಣ ಕಟ್ಟಿಸಿಕೊಂಡು ವೆಬ್‌ಸೈಟ್ ನಿಲ್ಲಿಸಿದ್ದು, ಡೊಮೇನ್ (ಸೈಟಿನ ಹೆಸರು) ಬೇರೆ ಕಂಪನಿಗೆ ಒಯ್ಯುವ ಕೋಡ್ ಕೊಡದೆ ಸತಾಯಿಸುತ್ತಿರುವುದು, ಮತ್ತು ನಿಮ್ಮ ಸಿಬ್ಬಂದಿಯ ಮಾತು.

ಮಾನ್ಯರೇ,

ಫೋನ್ ಮಾಡಿದೆ, ಚಾಟ್ ಮಾಡಿದೆ, ದೂರಿನ ಟಿಕೆಟ್ ಹಾಕಿದೆ. ಪ್ರತಿಸಲವೂ ನಮಸ್ಕಾರ ಅಂತಲೇ ಶುರು ಮಾಡಿದ್ದೇನೆ. ಈ ಪತ್ರದಲ್ಲೂ ಮಾತು ಮೀರಬಾರದು ಅಂದುಕೊಂಡಿದ್ದೇನೆ. ಎಲ್ಲಿಯವರೆಗೆ ಆಗುತ್ತೋ ನೋಡೋಣ.

ನಾನು ಕೊಡಗಿನ ನಾಪೋಕ್ಲು ಕಡೆಯವಳು. ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಎರಡು ಕೋಣೆಗಳ ಹೋಮ್‌ಸ್ಟೇ. ಕಾಫಿಪುಡಿ, ಕರಿಮೆಣಸು, ಅಡುಗೆಗೆ ಹಾಕುವ ನಮ್ಮ ಕೊಡಗಿನ ಹುಳಿರಸ ಕಾಚಂಪುಳಿಯನ್ನೂ ಪಾರ್ಸೆಲ್ ಮಾಡುತ್ತೇನೆ. ವೆಬ್‌ಸೈಟೂ ಅಷ್ಟಕ್ಕೇ ತಕ್ಕದ್ದು: ಕೋಣೆಗಳ ಫೋಟೋ, ದರ, ಮಡಿಕೇರಿಯಿಂದ ಬರುವ ದಾರಿ, ಒಂದು ಆರ್ಡರ್ ಫಾರ್ಮ್. ಎಲ್ಲ ಸೇರಿ ಒಂದು ಜಿಬಿಯೂ ಆಗುವುದಿಲ್ಲ.

ಇಂಥ ಸೈಟಿಗೆ ಯಾವ ಪ್ಲಾನ್ ಸಾಕು ಅಂತ ನಾನು ಸುಮ್ನೆ ಕಣ್ಣುಮುಚ್ಚಿ ಆರಿಸಲಿಲ್ಲ. ಜಾಗ ಎಷ್ಟು, ಎಷ್ಟು ಫೈಲು ಇಡಬಹುದು, ಇಮೇಲ್ ಎಷ್ಟು, ಬ್ಯಾಕಪ್ ಯಾವಾಗ ಅಂತ ಒಂದೊಂದೇ ಓದಿದೆ. ಶೇರ್ಡ್ ಹೋಸ್ಟಿಂಗ್ ಅಂದರೆ ನಮ್ಮ ತೋಟದ ಲೈನ್‌ಮನೆ ಇದ್ದ ಹಾಗೆ ಅಂತಲೂ ಗೊತ್ತಿತ್ತು. ಒಂದೇ ಸೂರು, ಒಂದೇ ನಲ್ಲಿ, ಹಲವು ಸಂಸಾರ. ಅದಕ್ಕೇ ಅಗ್ಗ. ನಿಮ್ಮ ಸೇಲ್ಸ್‌ನವರು ಕೂಡ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, 'ನಿಮಗೆ ಸ್ಟಾರ್ಟರ್ ಪ್ಲಾನೇ ಜಾಸ್ತಿ ಆಯ್ತು ಮೇಡಂ' ಅಂದಿದ್ದರು. ಆ ಚಾಟ್ ನನ್ನ ಹತ್ತಿರ ಇದೆ.

ತಿಂಗಳಿಗೆ 99 ರೂಪಾಯಿ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಆ ದರ ಬೇಕಾದರೆ 36 ತಿಂಗಳದ್ದು ಒಟ್ಟಿಗೆ ಕಟ್ಟಬೇಕು. ಕಟ್ಟಿದೆ: 3,564 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಮೂರು ವರ್ಷ ತಕರಾರಿಲ್ಲದೆ ನಡೆಯಿತು, ಅದನ್ನೂ ಹೇಳಬೇಕು.

ಆಮೇಲೆ ಬಂತು ರಿನ್ಯೂವಲ್. ತಿಂಗಳಿಗೆ 349! ಒಂದೇ ವರ್ಷಕ್ಕೆ 4,188 ಆಯಿತು, ಅಂದರೆ ಮೊದಲ ಮೂರು ವರ್ಷಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಅದರ ಜೊತೆ 'ಸೈಟ್ ಸೆಕ್ಯೂರಿಟಿ' ಅಂತ ತಿಂಗಳಿಗೆ 129ರ ಹಾಗೆ 1,548, ಎಸ್‌ಎಸ್‌ಎಲ್‌ಗೆ (ಸೈಟಿಗೆ ಬರುವವರ ಮಾಹಿತಿ ಗುಟ್ಟಾಗಿ ಸಾಗಲು ಬೇಕಾದ ಸರ್ಟಿಫಿಕೇಟ್) 999. ಜಿಎಸ್‌ಟಿ ಸೇರಿ 7,947 ರೂಪಾಯಿ ನನ್ನ ಕಾರ್ಡಿನಿಂದ ಹೋಯಿತು. ನೀವು ಮುಂಚೆ ಒಂದು ಸಾಲೂ ತಿಳಿಸಲಿಲ್ಲ. ನನಗೆ ಗೊತ್ತಾಗಿದ್ದು ಬ್ಯಾಂಕಿನ ಮೆಸೇಜಿನಿಂದ. ಆಟೋ ಡೆಬಿಟ್‌ಗೆ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಪುಣ್ಯ. ತಕ್ಷಣ ನಿಮಗೆ ಫೋನ್ ಮಾಡಿದರೆ 'ಕ್ಯಾನ್ಸಲ್ ಮಾಡೋದಾದ್ರೆ 15 ದಿನ ಮುಂಚೆ ಹೇಳಬೇಕಿತ್ತು' ಅಂದರು. ಹಣ ತೆಗೆಯುತ್ತೀರಿ ಅಂತ ನೀವು ಹೇಳುವ ಮುಂಚೆಯೇ ಬೇಡ ಅಂತ ನಾನು ಹೇಳಬೇಕಿತ್ತಂತೆ!

ಆ ಸೆಕ್ಯೂರಿಟಿಯನ್ನು ನಾನು ಕೇಳಿಯೇ ಇರಲಿಲ್ಲ. ಮೊದಲು ಕೊಳ್ಳುವಾಗ 'ಉಚಿತ' ಅಂತ ನೀವೇ ಟಿಕ್ ಹಾಕಿ ಇಟ್ಟಿದ್ದ ಪೆಟ್ಟಿಗೆ ಅದು. ಹೀಗೆ ಮೊದಲೇ ಟಿಕ್ ಹಾಕಿ ಒಪ್ಪಿಗೆ ಅಂತ ಬರೆದುಕೊಳ್ಳಬಾರದು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. 2023ರಲ್ಲಿ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಮರುಳು ಮಾಡುವ ಪುಟದ ವಿನ್ಯಾಸ) ಬಗ್ಗೆ ಮಾರ್ಗಸೂಚಿಯೂ ಬಂದಿದೆ. ನಿಮಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ ಅಲ್ವಾ?

ಎಸ್‌ಎಸ್‌ಎಲ್ ಕಥೆ ಇನ್ನೂ ಚೆನ್ನಾಗಿದೆ. 999 ಕೊಟ್ಟು ತೆಗೆದುಕೊಂಡ ಸರ್ಟಿಫಿಕೇಟನ್ನು ಬ್ರೌಸರಿನಲ್ಲಿ ತೆರೆದು ನೋಡಿದೆ. ಕೊಟ್ಟವರು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ. ಅವರು ಅದನ್ನು ಲೋಕಕ್ಕೆಲ್ಲ ಪುಕ್ಕಟೆ ಕೊಡುತ್ತಾರೆ. 90 ದಿನದ ಅವಧಿ, ಸರ್ವರಿನಲ್ಲಿ ಒಮ್ಮೆ ಹೊಂದಿಸಿದರೆ ತಾನಾಗಿಯೇ ರಿನ್ಯೂ ಆಗುತ್ತದೆ. 999 ರೂಪಾಯಿ ಯಾವ ಶ್ರಮಕ್ಕೆ ಅಂತ ಟಿಕೆಟಿನಲ್ಲಿ ಕೇಳಿದೆ. ಟಿಕೆಟ್ ಕ್ಲೋಸ್ ಆಯಿತು.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಹಣ ಹೋಯಿತು, ಸೈಟ್ ನಡೆಯುತ್ತಲ್ಲ ಅಂತ. ಆದರೆ ಡಿಸೆಂಬರ್ ಕೊನೆಯಲ್ಲಿ, ಬೆಂಗಳೂರಿನ ಅರ್ಧ ಜನ ಕೊಡಗಿನ ಕಡೆ ಹೊರಡುವ ಹೊತ್ತಿಗೆ, ಸೈಟ್ ತೆರೆದರೆ '508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್', ಅಂದರೆ ಸರ್ವರಿನಲ್ಲಿ ನಿಮ್ಮ ಪಾಲು ಮುಗಿದಿದೆ ಅಂತ ಬರತೊಡಗಿತು. ಕೋಣೆ ಕೇಳಿದ್ದ ಒಂದು ಕುಟುಂಬ 'ನಿಮ್ಮ ಸೈಟೇ ಇಲ್ವಲ್ಲ, ಇದು ನಿಜವಾದ ಹೋಮ್‌ಸ್ಟೇನಾ?' ಅಂತ ಕೇಳಿ ಬೇರೆ ಕಡೆ ಬುಕ್ ಮಾಡಿದರು. ಮಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಅವನು ಲಾಗ್ (ಸೈಟಿಗೆ ಯಾರು ಯಾವಾಗ ಬಂದರು ಅನ್ನುವ ದಾಖಲೆ) ತೆಗೆದು ತೋರಿಸಿದ. ಸೈಟಿಗೆ ಬರುತ್ತಿದ್ದವರು ಅತಿಥಿಗಳೇ ಅಲ್ಲ. ಯಾವ್ಯಾವುದೋ ದೇಶದ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮ್‌ಗಳು, ವರ್ಡ್‌ಪ್ರೆಸ್ ಲಾಗಿನ್ ಪುಟಕ್ಕೆ ಪಾಸ್‌ವರ್ಡ್ ಊಹಿಸಿ ಊಹಿಸಿ ಬಡಿಯುತ್ತಿದ್ದವು. ಅದರಲ್ಲೇ ನನ್ನ ಪಾಲಿನ ಪ್ರೊಸೆಸ್‌ಗಳೆಲ್ಲ (ಸರ್ವರ್ ಒಂದೇ ಸಲಕ್ಕೆ ನನ್ನ ಸೈಟಿಗೆ ಮಾಡಿಕೊಡುವ ಕೆಲಸಗಳು) ಮುಗಿಯುತ್ತಿದ್ದವು. ಇದನ್ನು ತಡೆಯುವುದಕ್ಕೇ ಅಲ್ಲವೇ 1,548 ರೂಪಾಯಿಯ ಸೆಕ್ಯೂರಿಟಿ?

ಅದನ್ನೇ ಹೇಳೋಣ ಅಂತ ಫೋನ್ ಮಾಡಿದೆ. ಈ ಕರೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ನಾನೂ ಸಹಿಸಿಕೊಂಡಿದ್ದೇನೆ.

ಸಂಜೆ ಹೊತ್ತು. ಕಣದಲ್ಲಿ ಕಾಫಿ ಹಣ್ಣು ತೂಗುತ್ತಿದ್ದೆವು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಅಲ್ಲೂ ಕಿವಿಗೆ ಹಿಡಿದರೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಬೇಕು. ಕನ್ನಡಕ್ಕೆ ಯಾವುದೋ ನಂಬರ್ ಒತ್ತಿ, ಸಂಗೀತ ಕೇಳಿ, 'ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ' ಅನ್ನುವುದನ್ನೂ ಕೇಳಿ ಮುಗಿಸಿದ ಮೇಲೆ ಒಬ್ಬ ಹುಡುಗ ಬಂದ. ಸೈಟಿನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದೆ.

'ಓ, ಕೂರ್ಗಾ? ನಾವು ಫ್ರೆಂಡ್ಸ್ ಬಂದಿದ್ವಿ ಮೇಡಂ. ಮಂಜು ಸಕತ್ತಾಗಿತ್ತು.'

ಸಂತೋಷ ಅಂದೆ. 508 ಬರ್ತಿದೆ ಅಂದೆ.

'ಮನೇಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?'

'ಗೊತ್ತಿರೋಳೇ ಮಾತಾಡ್ತಿದ್ದೀನಿ, ಹೇಳಿ.'

'ಅಲ್ಲ ಮೇಡಂ, ನಿಮ್ಮ ಹಸ್ಬೆಂಡ್?'

'ಅವರು ತೂಕ ಬರೀತಿದ್ದಾರೆ. ಅವರಿಗೆ ಪಾಸ್‌ವರ್ಡ್ ಗೊತ್ತಿಲ್ಲ.'

ಕ್ಯಾಶೆ (ಫೋನು ಉಳಿಸಿಟ್ಟುಕೊಂಡ ಹಳೆಯ ಪುಟಗಳು) ಕ್ಲಿಯರ್ ಮಾಡಿ ಅಂದ. 508 ಬರುವುದು ನಿಮ್ಮ ಸರ್ವರ್ ಕಡೆಯಿಂದ, ನನ್ನ ಫೋನಿನ ಕ್ಯಾಶೆಗೂ ಅದಕ್ಕೂ ಏನು ಸಂಬಂಧ ಅಂದೆ. 'ಮೊದಲು ಕ್ಲಿಯರ್ ಮಾಡಿ ಮೇಡಂ.' ಮಾಡಿದೆ. ಹಾಗೇ ಇತ್ತು. ಹಾಗಾದರೆ ಫೋನ್ ಒಂದು ಸಲ ಆಫ್ ಮಾಡಿ ಆನ್ ಮಾಡಿ ಅಂದ. ಆಫ್ ಮಾಡಿದರೆ ನಿಮ್ಮ ಜೊತೆ ಹೇಗಪ್ಪಾ ಮಾತಾಡಲಿ ಅಂದೆ. ಬಾಟ್‌ಗಳ ವಿಷಯ ಹೇಳಿದೆ, ಲಾಗಿನಲ್ಲಿದ್ದ ಹೊತ್ತು ಓದಿದೆ. ಅವನು ಅದನ್ನು ಬರೆದುಕೊಂಡ ಸದ್ದು ಕೇಳಲಿಲ್ಲ. 'ಬಿಸಿನೆಸ್ ಪ್ಲಾನ್‌ಗೆ ಅಪ್‌ಗ್ರೇಡ್ ಆಗಿ, ಸರಿಹೋಗುತ್ತೆ' ಅಂದ. ಬಾಟ್ ಬಂದರೆ ನಾನ್ಯಾಕೆ ದೊಡ್ಡ ಪ್ಲಾನ್ ತಗೋಬೇಕು ಅಂದೆ. ಒಂದು ನಿಮಿಷ ಹೋಲ್ಡ್ ಮಾಡ್ತೀನಿ ಅಂದ.

ಹೋಲ್ಡ್ ಮಾಡಲಿಲ್ಲ. ಮಾಡಿದ್ದೇನೆ ಅಂದುಕೊಂಡ. ಪಕ್ಕದವರಿಗೆ ಹೇಳಿದ್ದು ನಮ್ಮ ಕಣಕ್ಕೆಲ್ಲ ಕೇಳಿಸಿತು: 'ಒಂದು 99 ರೂಪಾಯಿ ಪಾರ್ಟಿ ಕಣೋ. ನಂಗೇ ಸರ್ವರ್ ಪಾಠ ಹೇಳ್ತಾ ಇದೆ. ಅಪ್‌ಗ್ರೇಡ್ ಆಗು ಅಂದ್ರೆ ಆಗಲ್ಲ. ಕಾಸಿಲ್ಲ ಅನ್ಸುತ್ತೆ.' ಆಮೇಲೆ ಇಬ್ಬರ ನಗು.

ತಕ್ಕಡಿ ನಿಂತಿತು. ಮೇಸ್ತ್ರಿ ತಲೆ ಬಗ್ಗಿಸಿ ಚೀಲದ ಬಾಯಿ ಕಟ್ಟತೊಡಗಿದ. ಹಣ್ಣು ಕೊಯ್ಯುವ ಹಿರಿಯ ಹೆಂಗಸೊಬ್ಬರು ಗಾಬರಿಯಿಂದ ಕೇಳಿದರು: 'ಯಾರಿಗೆ ಕಾಸಿಲ್ಲಂತೆ ಅಕ್ಕಾ?' ಇನ್ನು ಅರ್ಧ ಗಂಟೆಯಲ್ಲಿ ಅವರಿಗೆ ವಾರದ ಕೂಲಿ ಕೊಡಬೇಕಾಗಿದ್ದವಳು ನಾನೇ.

ಹುಡುಗ ಮತ್ತೆ ಲೈನಿಗೆ ಬಂದ. ಜೇನು ಸುರಿಯುವ ದನಿ. 'ಕಾದಿದ್ದಕ್ಕೆ ಧನ್ಯವಾದಗಳು ಮೇಡಂ.' ನೀವು ಹೇಳಿದ್ದು ಕೇಳಿಸಿತು ಅಂದೆ. 'ಯಾವುದು ಮೇಡಂ?' ಅಂದ. ಲೈನ್ ಕಟ್ ಆಯಿತು. ಮರುಕ್ಷಣ ನಿಮ್ಮಿಂದ ಮೆಸೇಜ್: ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಆ ಪುಟ ಮಾತ್ರ ಚಕ್ಕಂತ ತೆರೆದುಕೊಂಡಿತು. ಅದನ್ನು ಬೇರೆ ಸರ್ವರಿನಲ್ಲಿ ಇಟ್ಟಿರಬೇಕು.

ಆ ಹುಡುಗನ ಕೆಲಸ ಕಳೆಯಿರಿ ಅಂತ ನಾನು ಕೇಳುತ್ತಿಲ್ಲ. ಗ್ರಾಹಕರನ್ನು ಪ್ಲಾನಿನ ದರದಿಂದ ಕರೆಯುವುದನ್ನು ಅವನು ಮನೆಯಿಂದ ಕಲಿತು ಬಂದಿರಲಾರ. ಅಗ್ಗದ ಪ್ಲಾನಿಗೆ ಮೆಮೊರಿ ಕಡಿಮೆ, ಪ್ರೊಸೆಸ್ ಕಡಿಮೆ, ಜಾಗ ಕಡಿಮೆ ಅಂತ ನಿಮ್ಮ ಪಟ್ಟಿಯಲ್ಲಿ ಬರೆದಿದೆ, ಒಪ್ಪಿದ್ದೇನೆ. ಮರ್ಯಾದೆಯೂ ಕಡಿಮೆ ಅಂತ ಯಾವ ಸಾಲಿನಲ್ಲಿದೆ, ತೋರಿಸಿ. ಅಂದಹಾಗೆ ನಾನೀಗ 349 ರೂಪಾಯಿ ಪಾರ್ಟಿ. ನಿಮ್ಮ ದಾಖಲೆ ತಿದ್ದಿಕೊಳ್ಳಿ.

ಮರುದಿನವೇ ಸೈಟ್ ಸಸ್ಪೆಂಡ್ ಆಯಿತು. ಬೇರೆ ಕಡೆ ಹೋಗುತ್ತೇನೆ, ಡೊಮೇನ್ ವರ್ಗಾವಣೆಯ ಕೋಡ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿದೆ. ಡಾಟ್ ಕಾಮ್ ಹೆಸರಿಗೆ ಕೇಳಿದ 5 ದಿನದೊಳಗೆ ಕೋಡ್ ಕೊಡಬೇಕು ಅನ್ನುವುದು ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ನಿಯಮ. ಆ ಗಡುವು ಮುಗಿದಿದೆ. 'ಅಪ್‌ಗ್ರೇಡ್ ಮೊತ್ತ ಬಾಕಿ ಇದೆ' ಅಂತ ಉತ್ತರ ಬಂತು. ತೆಗೆದುಕೊಳ್ಳದ ಪ್ಲಾನಿಗೆ ಬಾಕಿ! ಬ್ಯಾಕಪ್ ಕೊಡಿ ಅಂದರೆ ಅದಕ್ಕೂ ಬೇರೆ ಹಣವಂತೆ. ಕೊಳ್ಳುವಾಗ 'ದಿನಾ ಬ್ಯಾಕಪ್, ಉಚಿತ' ಅಂತಿದ್ದ ಪುಟದ ಫೋಟೋ ತೆಗೆದಿಟ್ಟಿದ್ದೇನೆ.

ನನಗೆ ಬೇಕಾದದ್ದು ಡೊಮೇನ್ ಕೋಡ್, ಸೈಟಿನ ಮತ್ತು ಇಮೇಲಿನ ಪೂರ್ತಿ ಬ್ಯಾಕಪ್, ಸೆಕ್ಯೂರಿಟಿ ಮತ್ತು ಎಸ್‌ಎಸ್‌ಎಲ್ ಹೆಸರಿನಲ್ಲಿ ತೆಗೆದ ಹಣ, ಉಳಿದ ತಿಂಗಳುಗಳ ಹೋಸ್ಟಿಂಗ್ ಹಣ. ಅಪ್‌ಗ್ರೇಡ್ ಮೇಲೆ ರಿಯಾಯಿತಿ ಕೂಪನ್ ಕಳಿಸಬೇಡಿ, ದಯವಿಟ್ಟು.

ದೂರು ಸಿಕ್ಕಿದೆ ಅಂತ ತಿಳಿಸಲು ನಿಮಗೆ 48 ಗಂಟೆ, ಬಗೆಹರಿಸಲು ಒಂದು ತಿಂಗಳು ಇದೆ. ಅದು ನನ್ನ ಔದಾರ್ಯ ಅಲ್ಲ, ನಿಯಮ. ಅದರಾಚೆ ನಾನು ಕಾಯುವುದಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲಿಂದ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ. ನಿಮ್ಮ ನಿಯಮಗಳಲ್ಲಿ 'ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ' ಅಂತ ಇದೆ, ಓದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ವಾಸ ಇರುವ ಕಡೆಯೇ ಕೇಸು ಹಾಕಬಹುದು, ಅದನ್ನೂ ಓದಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇದು ವ್ಯಾಪಾರದ ಉದ್ದೇಶ, ನೀವು ಗ್ರಾಹಕರೇ ಅಲ್ಲ ಅನ್ನುವ ವಾದ ನಿಮ್ಮ ವಕೀಲರು ತರಬಹುದು. ಸ್ವಂತ ದುಡಿಮೆಯಿಂದ ಜೀವನ ಮಾಡುವವರನ್ನು ಕಾಯ್ದೆ ಗ್ರಾಹಕರು ಅಂತಲೇ ಕರೆಯುತ್ತದೆ.

ವಕೀಲರನ್ನು ಮಡಿಕೇರಿಗೆ ಕಳಿಸುವುದಾದರೆ ಮಳೆಗಾಲದಲ್ಲಿ ಕಳಿಸಬೇಡಿ, ರಸ್ತೆ ಸರಿ ಇರುವುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ನನಗೆ ಪುರುಸೊತ್ತಿದೆ, ಎಷ್ಟು ವಾಯಿದೆ ಬಿದ್ದರೂ ಬರುತ್ತೇನೆ. ಅಂದು ಕಣದಲ್ಲಿದ್ದವರೆಲ್ಲ ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಆ ಕರೆಯ ರೆಕಾರ್ಡಿಂಗ್ ಅಳಿಸಬೇಡಿ. ಗುಣಮಟ್ಟಕ್ಕಾಗಿ ಇಟ್ಟಿದ್ದೀರಲ್ಲ, ಆಯೋಗದ ಮುಂದೆ ಮೊದಲು ಅದನ್ನೇ ಹಾಕಿ ಅಂತ ಕೇಳುತ್ತೇನೆ. ಸ್ಪೀಕರಿನಲ್ಲಿ.

ಇತಿ,
ನಿಮ್ಮ ಸ್ಟಾರ್ಟರ್ ಪ್ಲಾನ್ ಗ್ರಾಹಕಿ
ನಾಪೋಕ್ಲು, ಕೊಡಗು