ರೂಮ್ ಹುಡುಕಬೇಡ ಮಗಳೇ, ಚಾಪೆ ಇದೆ

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ನೋಡಿದೆ. "ಅಪ್ಪಾ, ಮಲ್ಪೆ ಹತ್ತಿರ ಕಡಿಮೆಗೆ ಒಂದು ರೂಮ್ ಇದ್ದರೆ ಹೇಳು, ನಾವು ಮೂರು ಜನ, ಎರಡು ದಿನ, ಒಬ್ಬೊಬ್ಬರ ಹತ್ತಿರ 1500 ರೂಪಾಯಿ ಅಷ್ಟೇ." ಅದು ಬಂದಾಗ ಬಸ್ಸು ಕಲ್ಮಾಡಿ ಹತ್ತಿರ ಇತ್ತು. ಟಿಕೆಟ್ ಕೊಡುತ್ತಾ ಓದಿದೆ, ಒಬ್ಬ ಅಜ್ಜಿಗೆ ಚಿಲ್ಲರೆ ವಾಪಸ್ ಕೊಡುವುದು ಮರೆತು ಸರಿಯಾಗಿ ಬೈಸಿಕೊಂಡೆ. ಫೋನಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಹೂಂ" ಅಂತ ಹೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ರೂಮ್ ಯಾಕೆ ಅಂತ ನಾನು ಕೇಳುವುದಿಲ್ಲ, ಗೊತ್ತಾಯಿತು. ಮಲ್ಪೆಗೂ ಕೊಡವೂರಿನ ನಮ್ಮ ಮನೆಗೂ ನಡೆದುಕೊಂಡು ಹೋಗುವ ದೂರ. ಆದರೂ ನೀನು ರೂಮ್ ಕೇಳಿದೆ ಅಂದರೆ ಬಚ್ಚಲುಮನೆ ಹೊರಗಡೆ ಇದೆ, ಹಾಲ್‌ನಲ್ಲಿ ಅಮ್ಮನ ಹೊಲಿಗೆ ಮೆಷಿನ್ ಅರ್ಧ ಜಾಗ ತಿಂದಿದೆ, ರಾತ್ರಿ ಹಂಚಿನ ಮೇಲೆ ಏನೋ ಓಡಾಡುತ್ತದೆ, ಇದೆಲ್ಲ ನಿನ್ನ ತಲೆಯಲ್ಲಿ ಬಂದಿರಬೇಕು. ಬೆಂಗಳೂರಿನ ಪೀಜಿಯಲ್ಲಿ ಒಂದು ಕೋಣೆಗೆ ನಾಲ್ಕು ಮಂಚ ಹಾಕಿ ಮಲಗುವವರು ನೀವು, ನಮ್ಮ ಮನೆಗೆ ನಾಚಿಕೊಳ್ಳುವಂಥದ್ದು ಏನಿದೆ ಅಂತ ಒಂದು ಕ್ಷಣ ಬೇಸರ ಆದದ್ದು ಹೌದು. ಆಮೇಲೆ ನೆನಪಾಯಿತು, ನಾನೂ ನಿನ್ನ ವಯಸ್ಸಿನಲ್ಲಿ ಗೆಳೆಯರನ್ನು ಮನೆಗೆ ಕರೆಯದೆ ರಸ್ತೆಯಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಬಚ್ಚಲಿಗೆ ಹೊಸ ಬಾಗಿಲು ಹಾಕಿಸಿದ್ದೇನೆ, ಚಿಲಕ ಗಟ್ಟಿ ಇದೆ. ಅಷ್ಟು ಹೇಳಿ ಈ ವಿಷಯ ಬಿಡುತ್ತೇನೆ. ನೀನು ರೂಮ್ ಕೇಳಿದ್ದು ಅಮ್ಮನಿಗೆ ಹೇಳಿಲ್ಲ.

ಈಗ ಖರ್ಚಿನ ವಿಷಯ. ಇಪ್ಪತ್ತು ವರ್ಷ ಉಡುಪಿ–ಮಲ್ಪೆ ರೂಟಿನಲ್ಲಿ ಟಿಕೆಟ್ ಹರಿದವನು ನಾನು. ಸಮುದ್ರ ನೋಡಲು ಬಂದವರು ಎಲ್ಲಿ ದುಡ್ಡು ಕಳೆದುಕೊಳ್ಳುತ್ತಾರೆ ಅಂತ ಅವರ ಮುಖ ನೋಡಿಯೇ ಹೇಳುತ್ತೇನೆ. ಬೆಳಿಗ್ಗೆ ಹೋಗುವಾಗ ನಗುತ್ತಾ ಹೋದವರು ಸಂಜೆ ವಾಪಸ್ ಬರುವಾಗ ಗಂಡ ಹೆಂಡತಿ ಬೇರೆ ಬೇರೆ ಸೀಟಿನಲ್ಲಿ ಕೂತರೆ, ಒಂದೋ ಆಟೋದವರ ಹತ್ತಿರ ರೇಟ್ ಮಾತಾಡದೆ ಹತ್ತಿದ್ದಾರೆ, ಇಲ್ಲ ರೇಟ್ ಕೇಳದೆ ಮೀನು ತಿಂದಿದ್ದಾರೆ.

ಮೀನಿನದು ನನಗೂ ಆಗಿದೆ. ನಿನ್ನ ಶಿವಮೊಗ್ಗದ ಚಿಕ್ಕಪ್ಪ ಬಂದಿದ್ದಾಗ ಗತ್ತಿನಲ್ಲಿ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಹೆಸರು ಬೇಡ ಬಿಡು. ಮೆನುವಿನಲ್ಲಿ ಮಾಂಜಿ ಮೀನಿನ ಎದುರು ರೇಟ್ ಇರಲಿಲ್ಲ, "ಎಪಿಎಸ್" ಅಂತ ಇತ್ತು. ನಾನು ಅದೇನೋ ಮಸಾಲೆಯ ಹೆಸರು ಅಂದುಕೊಂಡು ಎರಡು ಹೇಳಿದೆ! ಮೀನಿನ ಸೈಜ್ ನೋಡಿ ರೇಟ್ ಅಂತ ಅರ್ಥವಂತೆ. ಬಿಲ್ ಬಂದಾಗ ನನ್ನ ಎರಡು ದಿನದ ಸಂಬಳ ತಟ್ಟೆಯಲ್ಲಿ ಮುಳ್ಳಾಗಿ ಬಿದ್ದಿತ್ತು. ಚಿಕ್ಕಪ್ಪ ಮಾತ್ರ ಚೆನ್ನಾಗಿತ್ತು ಅಣ್ಣ ಅಂದ. ನೀವು ಹೊರಗೆ ತಿಂದರೆ ಸುಮ್ನೆ ಮೀನಿನ ಊಟ ಹೇಳಿ, ಜೊತೆಗೆ ಬೇಕಾದರೆ ಬೂತಾಯಿ ಫ್ರೈ. ಬೂತಾಯಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ, ಅದಕ್ಕೇ ಅಗ್ಗ. ರುಚಿಯಲ್ಲಿ ಅಂಜಲ್ ಅದರ ಹತ್ತಿರವೂ ಬರುವುದಿಲ್ಲ, ಇದು ನನ್ನ ಅಭಿಪ್ರಾಯ, ಅಮ್ಮ ಒಪ್ಪುವುದಿಲ್ಲ.

ಬರುವ ದಾರಿ ಹೇಳುತ್ತೇನೆ. ಮೂವರೂ ಕರ್ನಾಟಕದ ಹೆಣ್ಣುಮಕ್ಕಳು, ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಮಾಮೂಲಿ ಕೆಂಪು ಬಸ್ಸಿಗೆ ಇದೆ. ರಾಜಹಂಸ, ಐರಾವತ, ಸ್ಲೀಪರ್‌ಗೆ ಇಲ್ಲ. ಆಧಾರ್ ಕಾರ್ಡ್ ಕೈಯಲ್ಲಿರಲಿ, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಇಳಿಯುವವರೆಗೆ ಬಿಸಾಕಬೇಡಿ. ಶಿರಾಡಿ ಘಾಟಿ ಇಳಿದು ಮಂಗಳೂರಿಗಾಗಿ ಬರುವಷ್ಟರಲ್ಲಿ ಬೆನ್ನು ಹಣ್ಣಾಗುತ್ತದೆ ನಿಜ. ಬೆನ್ನು ಮುಖ್ಯ ಅಂತಾದರೆ ಪಂಚಗಂಗಾ ರೈಲಿನಲ್ಲಿ ಸ್ಲೀಪರ್ ಮಾಡಿಸಿ, ಮಲಗಿಕೊಂಡು ಬಂದು ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಷನ್ನಿನಲ್ಲಿ, ಇಳಿಯಬಹುದು. ಅಲ್ಲಿಂದ ಸಿಟಿ ಬಸ್ ಸ್ಟ್ಯಾಂಡ್‌ಗೆ ಬಸ್ಸಿದೆ, ಆಟೋ ಬೇಡ. ಇಲ್ಲಿ ನಮ್ಮಂಥ ಖಾಸಗಿ ಬಸ್ಸುಗಳೇ ಜಾಸ್ತಿ, ಅದಕ್ಕೆಲ್ಲ ದುಡ್ಡು ಕೊಡಬೇಕು. ನರ್ಮ್ ಬಸ್, ಅಂದರೆ ಸರ್ಕಾರಿ ಸಿಟಿ ಬಸ್, ಸಿಕ್ಕರೆ ಅದಕ್ಕೆ ಹತ್ತು, ಫ್ರೀ. ನಾನು ಹೀಗೆ ಹೇಳಿದೆ ಅಂತ ನಮ್ಮ ಓನರ್ ಕಿವಿಗೆ ಬೀಳದಿರಲಿ.

ಬಂದ ದಿನ ಮಧ್ಯಾಹ್ನದ ಊಟ ಮಠದಲ್ಲಿ. ಉಡುಪಿ ಕೃಷ್ಣನಿಗೆ ಅನ್ನಬ್ರಹ್ಮ ಅಂತ ಸುಮ್ನೆ ಹೆಸರು ಬಂದದ್ದಲ್ಲ, ಹೊಟ್ಟೆ ತುಂಬ ಬಡಿಸುತ್ತಾರೆ, ದುಡ್ಡು ಕೇಳುವುದಿಲ್ಲ. ಸಾರು ಬಂದಾಗ ಅನ್ನ ಜಾಸ್ತಿ ಹಾಕಿಸಿಕೊಳ್ಳಲು ಆ ಹುಡುಗಿಯರಿಗೆ ಹೇಳು, ಹೊಸಬರು ಸಾರಿಗೆ ಸ್ವಲ್ಪ ಅನ್ನ ಇಟ್ಟುಕೊಂಡು ಕೊನೆಗೆ ಪಾಯಸದ ಹೊತ್ತಿಗೆ ಎಲೆ ನೋಡುತ್ತಾ ಕೂರುತ್ತಾರೆ. ಕನಕನ ಕಿಂಡಿಯ ಕಥೆ ಕಲಬುರಗಿ ಹುಡುಗಿಗೂ ಕೋಲಾರದವಳಿಗೂ ಗೊತ್ತೇ ಇರುತ್ತದೆ. ಆದರೆ ಆ ಕೃಷ್ಣ ಸಮುದ್ರದಿಂದ ಬಂದವನು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಮಲ್ಪೆ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಕಾಪಾಡಿದರು, ಅದರಲ್ಲಿದ್ದ ಗೋಪಿಚಂದನದ ಗಟ್ಟಿಯೊಳಗೆ ಮೂರ್ತಿ ಸಿಕ್ಕಿತು, ಅಲ್ಲಿಂದ ಉಡುಪಿಗೆ ತಂದರು ಅಂತ ಐತಿಹ್ಯ. ಅಂದರೆ ದೇವರು ಬಂದದ್ದೂ ನನ್ನ ರೂಟಿನಲ್ಲೇ!

ಮಲ್ಪೆಗೆ ಸಂಜೆ ಎಲ್ಲರೂ ಹೋಗುತ್ತಾರೆ. ನೀವು ಬೆಳಿಗ್ಗೆಯೂ ಒಮ್ಮೆ ಹೋಗಿ, ಆರು ಗಂಟೆಗೆ. ಕೈರಂಪಣಿ ಬಲೆ ದಡಕ್ಕೆ ಎಳೆಯುವುದು ಸಿಕ್ಕಿದರೆ ಅದರ ಮುಂದೆ ಪ್ಯಾರಾಸೈಲಿಂಗ್ ಏನೂ ಅಲ್ಲ. ನಿನಗೆ ನೆನಪಿದೆಯಾ? ನೀನು ಎರಡನೇ ಕ್ಲಾಸು. ದೋಣಿಯವರು ಬಲೆಯನ್ನು ಅರ್ಧ ಚಂದ್ರನ ಹಾಗೆ ಸಮುದ್ರದಲ್ಲಿ ಬಿಟ್ಟು ಬಂದು ಎರಡೂ ತುದಿಯ ಹಗ್ಗ ದಡಕ್ಕೆ ಕೊಟ್ಟರು. ಆ ಕಡೆ ಹದಿನೈದು ಜನ, ಈ ಕಡೆ ಹದಿನೈದು ಜನ, ಹಿಮ್ಮಡಿ ಮರಳಿಗೆ ಊರಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಎಳೆಯುವುದು, ಕೊನೆಯವನು ಹಗ್ಗ ಬಿಟ್ಟು ಓಡಿಹೋಗಿ ಮತ್ತೆ ನೀರಿನ ಹತ್ತಿರ ಹಿಡಿದುಕೊಳ್ಳುವುದು. ನಾನೂ ಕೈ ಹಾಕಿದೆ, ನೀನೂ ನನ್ನ ಹಿಂದೆ ಹಗ್ಗದ ತುದಿ ಹಿಡಿದುಕೊಂಡು ಕಿರುಚುತ್ತಿದ್ದೆ. ಬಲೆಯ ಚೀಲ ದಡಕ್ಕೆ ಬಂದಾಗ ಮೊದಲು ಒಂಥರಾ ಸದ್ದು, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ. ಆಮೇಲೆ ನೋಡಿದರೆ ಒಳಗೆಲ್ಲ ಬೂತಾಯಿ, ಬೆಳ್ಳಿ ಬೆಳ್ಳಿ. ಹಗ್ಗ ಎಳೆದದ್ದಕ್ಕೆ ನಿನ್ನ ಪಾಲು ಅಂತ ಒಬ್ಬರು ಎರಡು ಬೊಗಸೆ ಮೀನು ನಿನ್ನ ಫ್ರಾಕಿಗೇ ಸುರಿದರು. ಹೊಸ ಫ್ರಾಕು. ಮನೆಗೆ ಬಂದ ಮೇಲೆ ಅಮ್ಮ ಮೀನು ನೋಡಿ ನಗಬೇಕೋ ಫ್ರಾಕು ನೋಡಿ ಬೈಯಬೇಕೋ ಗೊತ್ತಾಗದೆ ನನಗೆ ಬೈದಳು. ಅವತ್ತು ನಮಗಾದ ಖರ್ಚು ಸೊನ್ನೆ, ಸಾರಿಗೆ ಮೀನು ಬೇರೆ.

ಕೈ ಬಿಚ್ಚಿ ಖರ್ಚು ಮಾಡಬೇಕಾದ್ದು ಒಂದೇ ಕಡೆ, ಸೇಂಟ್ ಮೇರೀಸ್ ದ್ವೀಪದ ಬೋಟಿಗೆ. ಅದರಲ್ಲಿ ಜಿಪುಣತನ ಬೇಡ. ಟಿಕೆಟ್ ಕೌಂಟರ್‌ನಲ್ಲೇ ತಗೊಳ್ಳಿ, ದಾರಿಯಲ್ಲಿ ಸಿಕ್ಕಿ ನಾನು ಕಡಿಮೆಗೆ ಕರೆದುಕೊಂಡು ಹೋಗುತ್ತೇನೆ ಅನ್ನುವವರ ಹಿಂದೆ ಹೋಗಬೇಡಿ. ವಾರದ ನಡುವೆ ಹೋದರೆ ದ್ವೀಪದಲ್ಲಿ ಜನ ಕಡಿಮೆ, ಆದರೆ ಬೋಟ್ ತುಂಬುವವರೆಗೆ ಕಾಯಿಸುತ್ತಾರೆ, ಥೇಟ್ ನಮ್ಮ ಬಸ್ಸಿನ ಹಾಗೆ. ಮಳೆಗಾಲದಲ್ಲಾದರೆ ಬೋಟೇ ಇಲ್ಲ. ನೀವು ಡಿಸೆಂಬರಿನಲ್ಲಿ ಬರುತ್ತಿರುವುದು ಒಳ್ಳೆಯದಾಯಿತು.

ಅಲ್ಲಿ ಕಲ್ಲು ನೋಡಬೇಕು. ಐದು ಮೂಲೆ, ಆರು ಮೂಲೆಯ ಕಂಬಗಳು, ಯಾರೋ ಉಳಿ ಹಿಡಿದು ಕೆತ್ತಿ ಸಾಲಾಗಿ ಜೋಡಿಸಿಟ್ಟ ಹಾಗೆ. ಕೆಲವು ನಿಂತಿವೆ, ಕೆಲವು ವಾಲಿವೆ. ನನ್ನ ಬಸ್ಸಿನಲ್ಲಿ ದಿನಾ ಬರುತ್ತಿದ್ದ ಒಬ್ಬರು ಮೇಷ್ಟ್ರು ಒಂದು ಸಲ ವಿವರಿಸಿದರು. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೇ ಅಂಟಿಕೊಂಡಿದ್ದು ಬೇರೆಯಾಗುವ ಕಾಲದಲ್ಲಿ, ಭೂಮಿಯೊಳಗಿನಿಂದ ಉಕ್ಕಿದ ಲಾವಾ ಇದು. ತಣ್ಣಗಾಗುತ್ತಾ ಕುಗ್ಗುವಾಗ ಬಿರುಕು ಬಿಟ್ಟು ಹೀಗೆ ಕಂಬ ಕಂಬ ಆಯಿತಂತೆ. ಬೇಸಿಗೆಯಲ್ಲಿ ಗದ್ದೆ ಕೆಸರು ಒಣಗಿ ಬಿರುಕು ಬಿಡುವುದು ನೋಡಿದ್ದೀಯಲ್ಲ, ಹೆಚ್ಚುಕಡಿಮೆ ಅದೇ, ಆದರೆ ಆಳಕ್ಕೆ ಇಳಿದದ್ದು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ಈ ಹೆಸರಿಟ್ಟ ಅಂತ ಹೇಳುತ್ತಾರೆ. ನಮ್ಮವರಿಗೆ ಅದು ತೋನ್ಸೆಪಾರ್.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ಕಲ್ಲುಗಳ ಅಂಚಿಗೆ ಪಾಚಿ ಇರುತ್ತದೆ, ಸೆಲ್ಫಿಗೆ ಅಂತ ತುದಿಗೆ ಹೋಗಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ನೀನು ಇಲ್ಲೇ ಹುಟ್ಟಿದವಳು, ನಿನಗೆ ಅಲೆ ಗೊತ್ತು. ಅವರಿಬ್ಬರಿಗೆ ಗೊತ್ತಿಲ್ಲ, ಮೊದಲ ಸಲ ಸಮುದ್ರ ನೋಡಿದವರು ಅಲೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾನೇ ಎಷ್ಟೋ ಸಲ ಕೂಗಿ ಹೇಳಿದ್ದೇನೆ.

ದ್ವೀಪದಿಂದ ಬಂದ ಸಂಜೆ ಎರಡರಲ್ಲಿ ಒಂದು ಆರಿಸಿಕೊಳ್ಳಿ. ಕಾಪು ಲೈಟ್‌ಹೌಸ್ ಆದರೆ ಮಂಗಳೂರು ಕಡೆಯ ಬಸ್ ಹತ್ತಿ ಕಾಪುವಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆಯಬೇಕು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಇವತ್ತಿಗೂ ನೆಟ್ಟಗೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಬಿಡುತ್ತಾರೆ, ಲೇಟಾಗಿ ಹೋದರೆ ಕೆಳಗಿಂದಲೇ ನೋಡಿ ಬರಬೇಕು. ಆದರೆ ನನ್ನನ್ನು ಕೇಳಿದರೆ ಕೋಡಿ ಬೆಂಗ್ರೆ. ಹೂಡೆ ದಾಟಿದ ಮೇಲೆ ನೆಲ ಕಿರಿದಾಗುತ್ತಾ ಹೋಗುತ್ತದೆ, ಬಸ್ಸಿನ ಎಡ ಕಿಟಕಿಯಲ್ಲಿ ಸಮುದ್ರ, ಬಲ ಕಿಟಕಿಯಲ್ಲಿ ಹೊಳೆ, ನಡುವೆ ಒಂದು ರಸ್ತೆ, ಒಂದಷ್ಟು ಮನೆ, ಒಣಗಲು ಹಾಕಿದ ಬಲೆ. ರಸ್ತೆ ಮುಗಿಯುವಲ್ಲಿ ನೆಲವೂ ಮುಗಿಯುತ್ತದೆ, ಹೊಳೆ ಸಮುದ್ರಕ್ಕೆ ಸೇರುವುದು ಅಲ್ಲೇ. ಸಿಟಿ ಬಸ್ಸಿನ ಟಿಕೆಟಿನಲ್ಲಿ ಇಂಥದ್ದು ಸಿಗುವ ಊರು ಬೇರೆ ಎಲ್ಲಿದೆ ಹೇಳು? ಇಳಿಯುವಾಗಲೇ ಕೊನೆ ಬಸ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ರಾತ್ರಿಗೆ ಏನು ಅಂತ ಕೇಳಬೇಡ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಾಗಿದೆ, ಆ ವಾರ ಸುತ್ತಮುತ್ತ ಎಲ್ಲಾದರೂ ಹರಕೆ ಆಟ ಇದ್ದೇ ಇರುತ್ತದೆ. ಬಯಲಾಟಕ್ಕೆ ಟಿಕೆಟ್ ಇಲ್ಲ, ಕುರ್ಚಿ ಸಿಗದಿದ್ದರೆ ಮನೆಯಿಂದ ಒಂದು ಬೆಡ್‌ಶೀಟ್ ಒಯ್ದರೆ ಆಯಿತು. ಕೋಲಾರದ ಹುಡುಗಿಗೆ ಮಾತು ಪೂರ್ತಿ ಹಿಡಿಯದಿದ್ದರೂ ಚೆಂಡೆ ಹಿಡಿಯುತ್ತದೆ. ನಿದ್ದೆ ಬಂದರೆ ನನಗೆ ಫೋನ್ ಮಾಡು, ಸ್ಕೂಟರಿನಲ್ಲಿ ಎರಡು ಟ್ರಿಪ್ ಹೊಡೆದು ಕರೆತರುತ್ತೇನೆ.

ಇಷ್ಟಕ್ಕೂ ಎಷ್ಟಾಗುತ್ತದೆ ಅಂತ ನಿನ್ನೆ ರಾತ್ರಿ ಟಿಕೆಟ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಬೋಟ್, ಸಿಟಿ ಬಸ್, ಬೀಚಿನಲ್ಲಿ ಚರುಮುರಿ, ಒಂದು ಹೊತ್ತು ಹೊರಗಿನ ಮೀನಿನ ಊಟ, ಸಂಜೆ ಗೋಳಿಬಜೆ, ಯಾವುದನ್ನೂ ಬಿಟ್ಟಿಲ್ಲ. ರೂಮ್ ಇಲ್ಲದಿದ್ದರೆ ನಿಮ್ಮ 1500ರಲ್ಲಿ ಅರ್ಧದ ಹತ್ತಿರ ಉಳಿಯಬೇಕು. ರೂಮ್ ಮಾಡಿದರೆ ಬೋಟಿಗೆ ಯೋಚನೆ ಮಾಡಬೇಕಾಗುತ್ತದೆ. ಆಯ್ಕೆ ನಿನ್ನದೇ. ನಿಜವಾಗಿ ನಿನಗೆ ಮುಜುಗರ ಅಂತಾದರೆ ಮಲ್ಪೆ ಸ್ಟ್ಯಾಂಡ್ ಹತ್ತಿರ ಒಂದೆರಡು ಕಡೆ ಕೇಳಿಟ್ಟಿದ್ದೇನೆ, ಕೋಪ ಇಲ್ಲ.

ಆದರೆ ಅಮ್ಮ ಇವತ್ತು ಅಟ್ಟದಿಂದ ಮೂರು ಚಾಪೆ ಇಳಿಸಿ ಬಿಸಿಲಿಗೆ ಹಾಕಿದ್ದಾಳೆ. ಹೊಲಿಗೆ ಮೆಷಿನ್ ನನ್ನ ಕೈಯಲ್ಲೇ ಎತ್ತಿಸಿ ಅಡುಗೆಮನೆ ಮೂಲೆಗೆ ಸರಿಸಿದ್ದಾಳೆ. ಈಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, ಆ ಇಬ್ಬರಲ್ಲಿ ಮೀನು ತಿನ್ನದವರು ಯಾರಾದರೂ ಇದ್ದಾರಾ, ನೀರುದೋಸೆಗೆ ಎಷ್ಟು ಪಾವು ಅಕ್ಕಿ ನೆನೆಹಾಕಬೇಕು ಅಂತ. ನಾನು ಏನು ಹೇಳಲಿ? ಬೇಗ ತಿಳಿಸು.

ನಿನ್ನ
ಅಪ್ಪ

ಬಸ್ಸಿಗೆ ಬರುವಾಗ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡು ಬಾ. ಐನೂರು ತೋರಿಸಿದರೆ ಮಗಳು ಅಂತಲೂ ನೋಡುವುದಿಲ್ಲ.